ಸೂಕ್ತ ಅಂತರ ಅಂದ್ರೆ ಎಷ್ಟು?

ನಮಸ್ಕಾರ.

ನೀವು ಕಳಿಸಿದ ‘ಫೋಮ್‌ನಲ್ಲಿ ಬಾಗಿದ ಛಾವಣಿ’ ಲೇಖನವನ್ನು ಮೂರು ಸಲ ಓದಿದೆ. ಮನೆಯಲ್ಲೇ ಕಟ್ಟುತ್ತಿರುವ ಕ್ಯಾಂಪರ್ ಟ್ರೈಲರ್‌ಗೆ (ಕಾರಿನ ಹಿಂದೆ ಎಳೆದೊಯ್ಯುವ ಪುಟ್ಟ ಮನೆ) ಒಂದೂವರೆ ಇಂಚಿನ ಗಟ್ಟಿ ಫೋಮ್ ಶೀಟನ್ನು ಬಾಗಿಸಿ, ಮುಂದಿನ ಕಮಾನು ಮಾಡಿದ ಬಗೆಯನ್ನು ಬರೆದಿದ್ದೀರಿ. ಭಾಷೆ ಶುದ್ಧವಾಗಿದೆ. ಕಾಗುಣಿತದ ತಪ್ಪಿಲ್ಲ. ನಾಲ್ಕು ಚಿತ್ರಗಳೂ ಸ್ಪಷ್ಟವಾಗಿವೆ. ಆದರೆ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಇಷ್ಟನ್ನೇ ಹೇಳಿ ವಾಪಸ್ ಕಳಿಸಬಹುದಿತ್ತು. ಹಾಗೆ ಮಾಡಲು ಮನಸ್ಸು ಬರಲಿಲ್ಲ, ಯಾಕೆಂದರೆ ನಿಮ್ಮ ಒಂದು ವಾಕ್ಯ ಎರಡು ದಿನದಿಂದ ನನ್ನ ತಲೆಯಲ್ಲೇ ಕೂತಿದೆ.

“ಮೊದಲ ಶೀಟ್ ಮುರಿದ ಸದ್ದಿಗೆ ಮಗಳು ಒಳಗಿನಿಂದ ಓಡಿ ಬಂದಳು.”

ಗಟ್ಟಿ ಫೋಮ್ ಮುರಿಯುವ ಸದ್ದು ನನಗೆ ಚೆನ್ನಾಗಿ ಗೊತ್ತು. ಮರದ ಹಲಗೆಯಾದರೆ ಮುರಿಯುವ ಮೊದಲು ಕರಕರ ಅನ್ನುತ್ತದೆ, ಕೈಗೆ ಸುಳಿವು ಸಿಗುತ್ತದೆ. ಫೋಮ್ ಹಾಗಲ್ಲ. ಸುಮ್ನೆ ಬಾಗುತ್ತಾ ಹೋಗುತ್ತದೆ. ಇನ್ನೇನು ಆಯಿತು ಅಂದುಕೊಳ್ಳುವಾಗ ಒಮ್ಮೆಲೇ ಫಟ್ ಅಂತ ಎರಡು ತುಂಡು. ನಿಮ್ಮ ಈ ಒಂದೇ ಸಾಲಿನಲ್ಲಿ ಆ ಸದ್ದು ಕೇಳಿಸಿತು. ಅದು ಎಲ್ಲಿ ಮುರಿಯಿತು, ಎಷ್ಟು ಬಾಗಿದ ಮೇಲೆ ಮುರಿಯಿತು, ಆಮೇಲೆ ನೀವೇನು ಮಾಡಿದಿರಿ ಅಂತ ಆಸೆಯಿಂದ ಮುಂದಿನ ಸಾಲಿಗೆ ಹೋದೆ. ಅಲ್ಲಿ ಹೀಗಿತ್ತು: “ಕೆಲವು ಪ್ರಯತ್ನಗಳ ನಂತರ ಸೂಕ್ತ ವಿಧಾನದಿಂದ ಶೀಟನ್ನು ಬಾಗಿಸಲಾಯಿತು.”

ನನಗೆ ನಿಜವಾಗಿಯೂ ಸಿಟ್ಟು ಬಂತು. ಒಳಗೆ ಬನ್ನಿ ಅಂತ ಕರೆದು, ಹೊಸಿಲು ದಾಟುವಷ್ಟರಲ್ಲಿ ಕದ ಹಾಕಿಕೊಂಡ ಹಾಗಾಯಿತು.

ಪೆನ್ಸಿಲ್ ಹಿಡಿದು ಎಣಿಸಿದೆ. ನಾಲ್ಕು ಪುಟದಲ್ಲಿ ‘ಸೂಕ್ತ’ ಹನ್ನೊಂದು ಕಡೆ ಬಂದಿದೆ. ಸೂಕ್ತ ಅಂತರ, ಸೂಕ್ತ ಆಳ, ಸೂಕ್ತ ಅಂಟು, ಸೂಕ್ತ ಒತ್ತಡ, ಸೂಕ್ತ ಸಮಯ. ‘ಹಾಕಲಾಯಿತು’, ‘ಅಂಟಿಸಲಾಯಿತು’, ‘ಉಜ್ಜಲಾಯಿತು’ ತರಹದ ಕ್ರಿಯಾಪದಗಳು ಹತ್ತೊಂಬತ್ತು. ನನ್ನ ತಕರಾರು ಈ ಎರಡರ ಮೇಲೆ ಮಾತ್ರ. ಬಾಗಿಲು, ಕಿಟಕಿ, ವೈರಿಂಗ್ ಬಗ್ಗೆ ನೀವು ಬರೆದ ಭಾಗಗಳ ಬಗ್ಗೆ ಈಗ ಏನೂ ಹೇಳುವುದಿಲ್ಲ.

ಒಂದು ವಾಕ್ಯವನ್ನು ಇಟ್ಟುಕೊಂಡು ನೋಡೋಣ. ಎರಡನೇ ಪುಟದ ನಡುವೆ ಇದೆ.

“ಶೀಟಿನ ಒಳಮೈಯಲ್ಲಿ ಸೂಕ್ತ ಅಂತರದಲ್ಲಿ ಚಾಕುವಿನಿಂದ ಸೀಳುಗಳನ್ನು ಹಾಕಲಾಯಿತು.”

ಮೊದಲು ‘ಒಳಮೈ’. ಶೀಟ್ ಬಾಗಿದಾಗ ಹೊರಮೈ ಹಿಗ್ಗಬೇಕು, ಒಳಮೈ ಕುಗ್ಗಬೇಕು. ಒಳಮೈಯಲ್ಲಿ ಸೀಳು ಹಾಕುವುದು ಕುಗ್ಗಲು ಜಾಗ ಮಾಡಿಕೊಡಲಿಕ್ಕೆ. ಗರಗಸ ಹಾಯಿಸಿದರೆ ಹಲ್ಲಿನ ಅಗಲದಷ್ಟು ಫೋಮ್ ಪುಡಿಯಾಗಿ ಹೊರಗೆ ಬರುತ್ತದೆ, ಅಷ್ಟು ಜಾಗ ಖಾಲಿಯಾಗುತ್ತದೆ, ಬಾಗಿಸಿದಾಗ ಆ ಜಾಗ ಮುಚ್ಚಿಕೊಳ್ಳುತ್ತದೆ. ಆದರೆ ನೀವು ಬರೆದದ್ದು ‘ಚಾಕುವಿನಿಂದ’. ಚಾಕು ಫೋಮನ್ನು ತೆಗೆಯುವುದಿಲ್ಲ, ಬರೀ ಸೀಳುತ್ತದೆ. ಸೀಳಿನ ಎರಡು ಗೋಡೆಗಳು ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ಒಳಮೈಯಲ್ಲಿ ಅಂಥ ನೂರು ಸೀಳು ಹಾಕಿದರೂ ಕುಗ್ಗಲು ಜಾಗ ಸಿಗುವುದಿಲ್ಲ. ಹಾಗಾದರೆ ನಿಮ್ಮ ಶೀಟ್ ಬಾಗಿದ್ದು ಹೇಗೆ?

ಉತ್ತರ ನಿಮ್ಮ ಮೂರನೇ ಚಿತ್ರದಲ್ಲಿದೆ. ಕಮಾನಿನ ಹೊರಮೈ ಮೇಲೆ ಅಡ್ಡಕ್ಕೆ ಸಾಲುಸಾಲು ಬಾಯಿ ಬಿಟ್ಟ ಬಿರುಕುಗಳಿವೆ. ಒಂದೊಂದರಲ್ಲೂ ಕಂದು ಬಣ್ಣದ ಅಂಟು ನೊರೆಯುಬ್ಬಿ ಹೊರಗೆ ಬಂದಿದೆ. ಅಂದರೆ ನೀವು ಸೀಳಿದ್ದು ಹೊರಮೈಯನ್ನು. ಚಾಕು ಅಲ್ಲಿ ಸರಿಯಾದ ಆಯುಧವೇ. ಹೊರಗಿನ ಸೀಳು ಬಾಗಿಸುವಾಗ ಬಾಯಿ ತೆರೆಯುತ್ತದೆ, ಅದರಲ್ಲಿ ಅಂಟು ತುಂಬಬೇಕು. ನೀವು ತುಂಬಿದ್ದೀರಿ. ಕೆಲಸ ಸರಿಯಾಗಿದೆ, ವಾಕ್ಯ ತಪ್ಪಾಗಿದೆ! ನಿಮ್ಮನ್ನು ನಂಬಿ ಯಾರಾದರೂ ಒಳಮೈಗೆ ಚಾಕು ಹಾಕಿದರೆ ಅವರ ಶೀಟ್ ಮುರಿಯುತ್ತದೆ, ಅವರ ಮನೆಯಲ್ಲೂ ಯಾರೋ ಓಡಿ ಬರುತ್ತಾರೆ.

ಇಂಥ ತಪ್ಪು ಹೇಗೆ ನುಸುಳಿತು ಅಂತ ಯೋಚಿಸಿ. “ನಾನು ಶೀಟನ್ನು ಮೇಜಿನ ಮೇಲೆ ಮಲಗಿಸಿ, ಮೇಲೆ ಕಾಣುವ ಮೈಯನ್ನು ಚಾಕುವಿನಿಂದ ಸೀಳಿದೆ” ಅಂತ ಬರೆಯಲು ಕೂತಿದ್ದರೆ ನಿಮ್ಮ ಕೈಗೇ ನೆನಪಾಗುತ್ತಿತ್ತು. ‘ಹಾಕಲಾಯಿತು’ ಅಂದ ಕೂಡಲೇ ಕೈ ಮಾಯವಾಯಿತು. ಕೈ ಮಾಯವಾದ ಮೇಲೆ ಒಳಗೋ ಹೊರಗೋ ಯಾರಿಗೆ ಗೊತ್ತು, ಅಲ್ವಾ?

ಇನ್ನು ‘ಸೂಕ್ತ ಅಂತರ’. ಇದು ಗುಟ್ಟೇನಲ್ಲ, ಕಾಗದದ ಮೇಲೆ ಸಿಗುವ ಲೆಕ್ಕ. ನಿಮ್ಮ ಶೀಟಿನ ದಪ್ಪ 38 ಮಿ.ಮೀ. ಸೀಳದೆ ಉಳಿಸುವ ಪದರ 6 ಮಿ.ಮೀ. ಅಂತ ಇಟ್ಟುಕೊಳ್ಳಿ. ಸೀಳಿನ ಆಳ 32 ಆಯಿತು. ಕಮಾನು ಕಾಲು ವೃತ್ತ, ಅಂದರೆ 90 ಡಿಗ್ರಿ. 32ನ್ನು 1.57ರಿಂದ (90 ಡಿಗ್ರಿಯ ರೇಡಿಯನ್ ಅಳತೆ, ಅಂದರೆ ಪೈಯ ಅರ್ಧ) ಗುಣಿಸಿ, ಸುಮಾರು 50 ಮಿ.ಮೀ. ಬರುತ್ತದೆ. ಗರಗಸದಿಂದ ಒಳಮೈ ಕೊರೆಯುವುದಾದರೆ ಅಷ್ಟು ಫೋಮ್ ಹೊರಗೆ ಹೋಗಬೇಕು. ಗರಗಸದ ಬಾಯಿ, ಅಂದರೆ ಅದು ಕೊರೆಯುವ ಅಗಲ, 3 ಮಿ.ಮೀ. ಇದ್ದರೆ 17 ಸೀಳು ಬೇಕು. ನಿಮ್ಮ ಕಮಾನಿನ ತ್ರಿಜ್ಯ 600 ಮಿ.ಮೀ., ಅದರ ಉದ್ದ ಸುಮಾರು 942. ಹದಿನೇಳರಿಂದ ಭಾಗಿಸಿದರೆ ಸುಮಾರು 55 ಮಿ.ಮೀ.ಗೊಂದು ಸೀಳು. ಗರಗಸದಿಂದ ಕೊರೆಯುವವರಿಗೆ ಸೂಕ್ತ ಅಂತರ ಅದು.

ಇದರಲ್ಲಿ ನನಗೆ ತುಂಬಾ ಇಷ್ಟವಾದ ಒಂದು ವಿಷಯ ಅಡಗಿದೆ. ತ್ರಿಜ್ಯ 300ಕ್ಕೆ ಇಳಿದರೂ ಸೀಳುಗಳು ಅದೇ ಹದಿನೇಳು. ಅವು ಹತ್ತಿರ ಹತ್ತಿರ ಬರುತ್ತವೆ ಅಷ್ಟೆ, ಸುಮಾರು 28 ಮಿ.ಮೀ.ಗೊಂದರಂತೆ. ಎಷ್ಟು ಸೀಳು ಅನ್ನುವುದನ್ನು ತೀರ್ಮಾನಿಸುವುದು ಕೋನ, ಸೀಳಿನ ಆಳ, ಗರಗಸದ ಬಾಯಿ. ತ್ರಿಜ್ಯ ಹೇಳುವುದು ಅಂತರವನ್ನು ಮಾತ್ರ. ಇದನ್ನು ಒಮ್ಮೆ ತಿಳಿದುಕೊಂಡ ಓದುಗ ಯಾವ ಕಮಾನನ್ನಾದರೂ ತಾನೇ ಲೆಕ್ಕ ಹಾಕಿಕೊಳ್ಳುತ್ತಾನೆ.

ನಿಮ್ಮ ಹಾಗೆ ಹೊರಗಿನಿಂದ ಚಾಕು ಹಾಕುವವರಿಗೆ ಎಣಿಕೆಯ ಕಟ್ಟುಪಾಡಿಲ್ಲ. ಆದರೆ ಎಂಟೇ ಸೀಳು ಹಾಕಿದರೆ ಕಮಾನು ಕಮಾನಾಗಿ ಕಾಣುವುದಿಲ್ಲ, ಚಪ್ಪಟೆ ಪಟ್ಟಿಗಳನ್ನು ಜೋಡಿಸಿದ ಹಾಗೆ ಕಾಣುತ್ತದೆ. 600ರ ತ್ರಿಜ್ಯಕ್ಕೆ ಎಂಟು ಸೀಳಾದರೆ ಒಂದೊಂದು ಪಟ್ಟಿಯೂ ನಿಜವಾದ ಕಮಾನಿಗಿಂತ 3 ಮಿ.ಮೀ.ನಷ್ಟು ಒಳಗೆ ಇರುತ್ತದೆ. ಹದಿನೇಳಾದರೆ ಅರ್ಧ ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ, ಉಪ್ಪು ಕಾಗದದಲ್ಲಿ ಉಜ್ಜಿದರೆ ಹೋಗುತ್ತದೆ. ಚಿತ್ರದಲ್ಲಿ ನಿಮ್ಮ ಸೀಳುಗಳನ್ನು ಎಣಿಸಿದೆ. ಇಪ್ಪತ್ತೆರಡು ಇವೆ. ಅಷ್ಟು ಯಾಕೆ ಹಾಕಿದಿರಿ? ಬೇಕು ಅಂತಲೋ, ಕೈಗೆ ಬಂದಂತೆಯೋ? ಅದನ್ನೇ ಬರೆಯಬೇಕಿತ್ತು.

ಈಗ ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡಿದ ಸಾಲು. “ಸೀಳುಗಳನ್ನು ಸೂಕ್ತ ಅಂಟು ಬಳಸಿ ಅಂಟಿಸಲಾಯಿತು.”

ಈ ಸಾಲಿಗೆ ನಾನು ಯಾಕೆ ಇಷ್ಟು ಕೆರಳಿದೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು. ಪತ್ರಿಕೆಯ ಕೆಲಸಕ್ಕೆ ಬರುವ ಮೊದಲು ಮೂರು ವರ್ಷ ನಾನು ಫೈಬರ್ ದೋಣಿ ಕಟ್ಟುವ ಒಂದು ಶೆಡ್ಡಿನಲ್ಲಿ ಕೆಲಸ ಕಲಿಯುತ್ತಿದ್ದೆ. ಆಗ ನನಗೆ ಹತ್ತೊಂಬತ್ತು ವರ್ಷ. ದೋಣಿಯ ಒಂದು ಆಸನವನ್ನು ಥರ್ಮಾಕೋಲಿನಲ್ಲಿ ಕೊರೆದು, ಮೇಲೆ ಗಾಜಿನ ನಾರಿನ ಬಟ್ಟೆ ಹೊದಿಸುವ ಕೆಲಸ ಕೊಟ್ಟಿದ್ದರು. ಮೂರು ದಿನ ಕೂತು ಕೊರೆದೆ. ಮೂಲೆಗಳನ್ನೆಲ್ಲ ಅಂಗೈಯಲ್ಲಿ ಸವರಿ ಸವರಿ ನುಣ್ಣಗೆ ಮಾಡಿದೆ. ಮುಂದೇನು ಅಂತ ಗೋಡೆಗೆ ಅಂಟಿಸಿದ್ದ ಸೂಚನೆಯ ಹಾಳೆ ನೋಡಿದೆ. ‘ಸೂಕ್ತ ರೆಸಿನ್ ಹಚ್ಚಬೇಕು’ ಅಂತ ಇತ್ತು. ರೆಸಿನ್ ಅಂದರೆ ಬಟ್ಟೆಯನ್ನು ನೆನೆಸಿ ಗಟ್ಟಿಯಾಗುವ ಅಂಟು ದ್ರವ. ದೋಣಿಗೆ ದಿನಾ ಹಚ್ಚುವ ಪಾಲಿಯೆಸ್ಟರ್ ರೆಸಿನ್ ಡ್ರಮ್ಮಿನಲ್ಲೇ ಇತ್ತಲ್ಲ, ಅದನ್ನೇ ಕಲಸಿ ಬ್ರಷ್ ಅದ್ದಿ ಹಚ್ಚಿದೆ.

ಬ್ರಷ್ ಒಳಗೆ ಇಳಿಯಿತು. ಬಿಳಿ ಮೈ ಕಣ್ಣೆದುರೇ ಕುಸಿದು ಗುಂಡಿ ಬಿತ್ತು. ಅಂಚುಗಳು ಮುದುಡಿಕೊಂಡು ಒಳಗೆ ಸರಿದವು. ಮೇಲೆ ಹಾಸಿದ್ದ ಒದ್ದೆ ಬಟ್ಟೆ ಆ ಗುಂಡಿಯೊಳಗೆ ಜೋತುಬಿತ್ತು. ಪಾಲಿಯೆಸ್ಟರ್ ರೆಸಿನ್‌ನಲ್ಲಿ ಸ್ಟೈರೀನ್ ಇರುತ್ತದೆ, ಥರ್ಮಾಕೋಲ್ ಅಂದರೆ ಪಾಲಿಸ್ಟೈರೀನ್, ಸ್ಟೈರೀನ್ ಅದನ್ನು ಕರಗಿಸುತ್ತದೆ, ಅಲ್ಲಿ ಬೇಕಾಗಿದ್ದದ್ದು ಎಪಾಕ್ಸಿ ಅನ್ನುವ ಬೇರೆ ರೆಸಿನ್ ಅಂತ ನನಗೆ ಆಗ ಯಾರೂ ಹೇಳಿರಲಿಲ್ಲ. ಹೇಳಬೇಕಾಗಿದ್ದ ಹಾಳೆ ‘ಸೂಕ್ತ’ ಅಂದು ಸುಮ್ಮನಾಗಿತ್ತು.

ಮೇಸ್ತ್ರಿ ಬಂದು ನೋಡಿದರು. ಬೈಯಲಿಲ್ಲ. ಒಂದು ನೋಟ್‌ಬುಕ್ ಕೊಟ್ಟು, “ಏನಾಯ್ತು ಅಂತ ಬರೆದಿಡು, ಮುಂದೆ ಬರೋ ಹುಡುಗ ಓದಬೇಕು” ಅಂದರು. ನಾನು ಬರೆದೆ: ‘ರೆಸಿನ್ ಹಚ್ಚಲಾಯಿತು, ಥರ್ಮಾಕೋಲ್ ಹಾಳಾಯಿತು.’ ಅವರು ಓದಿ, “ಹಚ್ಚಿದ್ದು ಯಾರು?” ಅಂತ ಕೇಳಿದರು. ತಿದ್ದಿದೆ. “ಯಾವ ರೆಸಿನ್ನು?” ಮತ್ತೆ ತಿದ್ದಿದೆ. “ಹಾಳಾಯ್ತು ಅಂದ್ರೆ ಹೇಗೆ? ಎಷ್ಟು ಹೊತ್ತಲ್ಲಿ?” ಆರನೇ ಸಲಕ್ಕೆ ಒಪ್ಪಿದರು. ಆ ಸಾಲು ನನಗೆ ಇವತ್ತಿಗೂ ಬಾಯಿಗೆ ಬರುತ್ತದೆ: ‘ಡ್ರಮ್ಮಿನ ಪಾಲಿಯೆಸ್ಟರ್ ರೆಸಿನನ್ನು ನಾನು ನೇರವಾಗಿ ಥರ್ಮಾಕೋಲಿನ ಮೇಲೆ ಹಚ್ಚಿದೆ. ಒಂದು ನಿಮಿಷದೊಳಗೆ ಬೆರಳು ಇಳಿಯುವಷ್ಟು ಗುಂಡಿ ಬಿತ್ತು.’ ನಾನು ಬರೆದ ಮೊದಲ ಒಳ್ಳೆಯ ವಾಕ್ಯ ಅದು ಅಂತಲೇ ನನ್ನ ನಂಬಿಕೆ.

ಹಾಗಾಗಿ ‘ಸೂಕ್ತ ಅಂಟು’ ಅಂತ ಓದಿದಾಗ ನನಗೆ ಆ ಗುಂಡಿಯೇ ಕಾಣುತ್ತದೆ. ನೀವು ಬಳಸಿದ ಶೀಟ್ ಎಕ್ಸ್‌ಪಿಎಸ್, ಅಂದರೆ ಎಕ್ಸ್‌ಟ್ರೂಡೆಡ್ ಪಾಲಿಸ್ಟೈರೀನ್. ಥರ್ಮಾಕೋಲಿಗಿಂತ ಬಿಗಿ, ನೀರು ಕುಡಿಯುವುದು ಕಡಿಮೆ, ಆದರೆ ಅದೂ ಪಾಲಿಸ್ಟೈರೀನೇ. ಟೊಲ್ಯೂನ್ ಅಥವಾ ಅಸಿಟೋನ್ ಇರುವ ಕಾಂಟ್ಯಾಕ್ಟ್ ಅಂಟು ಸವರಿದರೆ ಅದೂ ಕರಗುತ್ತದೆ. ಬಡಗಿಗಳು ಮರಕ್ಕೆ ಹಚ್ಚುವ ಬಿಳಿ ಅಂಟು ಕರಗಿಸುವುದಿಲ್ಲ ನಿಜ, ಆದರೆ ಎರಡು ಫೋಮ್ ಪದರಗಳ ನಡುವೆ ಸಿಕ್ಕಿಕೊಂಡರೆ ಅದರ ನೀರು ಹೊರಗೆ ಹೋಗಲು ದಾರಿಯಿಲ್ಲ. ದಿನಗಟ್ಟಲೆ ಹಸಿಯಾಗಿಯೇ ಇರುತ್ತದೆ. ಅದೇ ಅಂಟನ್ನು ಫೋಮಿನ ಮೇಲೆ ಹಚ್ಚಿ ಕ್ಯಾನ್ವಾಸ್ ಹೊದಿಸಿದರೆ ಚೆನ್ನಾಗಿ ಹಿಡಿಯುತ್ತದೆ, ಬಟ್ಟೆಯ ಮೂಲಕ ಗಾಳಿಯಾಡುತ್ತದಲ್ಲ. ನಿಮ್ಮ ಚಿತ್ರದ ನೊರೆ ನೋಡಿದರೆ ನೀವು ಹಚ್ಚಿದ್ದು ಪಾಲಿಯುರೆಥೇನ್ ಅಂಟು ಅನ್ನಿಸುತ್ತದೆ. ಅದು ಗಟ್ಟಿಯಾಗಲು ತೇವ ಬೇಕು. ಮೊದಲು ನೀರು ಚಿಮುಕಿಸಿದಿರಾ? ಉಬ್ಬುವಾಗ ಶೀಟನ್ನು ಎತ್ತಿಬಿಡಬಾರದು ಅಂತ ಮೇಲೆ ಏನು ಕಟ್ಟಿದಿರಿ? ಎಷ್ಟು ಹೊತ್ತು ಬಿಟ್ಟಿರಿ? ಬಿಚ್ಚಿದಾಗ ಕಮಾನು ಎಷ್ಟು ಹಿಂದಕ್ಕೆ ನೆಗೆಯಿತು? ಕೊನೆಯ ಪ್ರಶ್ನೆಗೆ ಉತ್ತರ ಸಿಕ್ಕಿದರೆ ನನಗೇ ಉಪಯೋಗ.

ಇನ್ನೊಂದು ಸಾಲನ್ನು ದಯವಿಟ್ಟು ತೆಗೆದುಹಾಕಿ. “ಅಗತ್ಯವಿದ್ದಲ್ಲಿ ಸೂಕ್ತ ಪ್ರಮಾಣದಲ್ಲಿ ಬಿಸಿ ಮಾಡಬಹುದು.” ನೀವು ಬಿಸಿ ಮಾಡಿಲ್ಲ. ಮಾಡಿದ್ದರೆ ‘ಮಾಡಿದೆ’ ಅನ್ನುತ್ತಿದ್ದಿರಿ. ಪಾಲಿಸ್ಟೈರೀನ್ ಮೆತ್ತಗಾಗುವುದು 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಹೀಟ್ ಗನ್ನಿನ ಬಾಯಲ್ಲಿ ನೂರಾರು ಡಿಗ್ರಿ ಇರುತ್ತದೆ. ಬಾಗುವುದಕ್ಕೂ ಕುಸಿಯುವುದಕ್ಕೂ ನಡುವೆ ಸಿಗುವ ಹೊತ್ತು ಬಹಳ ಕಡಿಮೆ, ಮೇಲಾಗಿ ಹೊತ್ತಿಕೊಂಡರೆ ಕಪ್ಪು ಹೊಗೆ. ಸ್ವತಃ ಮಾಡಿ ನೋಡದ್ದನ್ನು ‘ಬಹುದು’ ಅಂತ ಹೇಳಿ ಓದುಗರನ್ನು ಅಲ್ಲಿಗೆ ಕಳಿಸಬೇಡಿ.

ಈ ಲೇಖನ ನನಗೆ ಬೇಕು. ಬಾಗಿಲು, ಕಿಟಕಿ ಎಲ್ಲ ಬಿಟ್ಟು ಕಮಾನು ಒಂದನ್ನೇ ಇಟ್ಟುಕೊಂಡು ಮತ್ತೆ ಬರೆಯಿರಿ. ಮುರಿದ ಶೀಟಿನಿಂದಲೇ ಶುರು ಮಾಡಿ. ಅದರ ತುಂಡುಗಳು ಇನ್ನೂ ಇದ್ದರೆ ಮುರಿದ ಮೈಯ ಒಂದು ಚಿತ್ರ ತೆಗೆಯಿರಿ. ‘ಕೆಲವು ಪ್ರಯತ್ನಗಳು’ ಅಂದಿದ್ದೀರಲ್ಲ, ಅವು ಎಷ್ಟು, ಒಂದೊಂದರಲ್ಲೂ ಏನು ಬದಲಾಯಿಸಿದಿರಿ ಅಂತ ಬರೆಯಿರಿ. ತೆಳುವಾದ ಎರಡು ಪದರ ಯಾಕೆ ಪ್ರಯತ್ನಿಸಲಿಲ್ಲ ಅನ್ನುವುದನ್ನೂ ಹೇಳಿ. ದಪ್ಪ ಅರ್ಧವಾದರೆ ಬಾಗಿಸಲು ಬೇಕಾದ ಬಲ ಎಂಟರಲ್ಲಿ ಒಂದು ಪಾಲು ಸಾಕು. ಎರಡು ಪದರ ಬೇರೆ ಬೇರೆಯಾಗಿ ಬಾಗಿಸಿ, ಬಾಗಿದ ಮೇಲೆ ಅಂಟಿಸಿದರೆ ಸೀಳೇ ಬೇಕಾಗದೆ ಇರಬಹುದಿತ್ತು. ನಿಮಗೆ ತೆಳು ಶೀಟ್ ಸಿಗಲಿಲ್ಲವೋ, ಹೊಳೆಯಲಿಲ್ಲವೋ, ಎರಡೂ ಓದುಗರಿಗೆ ಉಪಯೋಗವಾಗುವ ಉತ್ತರಗಳೇ.

ಉದ್ದ ಎಷ್ಟಾದರೂ ಆಗಲಿ, ಜಾಗ ನಾನು ಹೊಂದಿಸುತ್ತೇನೆ. ಮೂರನೇ ಚಿತ್ರವನ್ನು ಬದಲಾಯಿಸಬೇಡಿ, ಅಂಟು ಉಕ್ಕಿ ಬಂದಿರುವ ಆ ಬಿರುಕುಗಳ ಚಿತ್ರ ಮೊದಲ ಪುಟದಲ್ಲಿ ಬರುತ್ತದೆ. ಮತ್ತೆ, ಓಡಿ ಬಂದ ಮಗಳು ಮುರಿದ ಶೀಟ್ ನೋಡಿ ಏನಂದಳು ಅನ್ನುವುದನ್ನು ಮರೆಯದೆ ಸೇರಿಸಿ.