ಪ್ರಶ್ನೋತ್ತರ: ಮಾತ್ರೆ ಕೈಯಲ್ಲಿ, ಹುಡುಕಾಟ ಫೋನಿನಲ್ಲಿ

ಔಷಧ ಕಂಪನಿಗಳ ಮಾರಾಟ ವಿಭಾಗದಲ್ಲಿ ಇರುವವರು, ಮೆಡಿಕಲ್ ಅಂಗಡಿಯವರು ಮತ್ತು ರೋಗಿಗಳ ಮನೆಯವರು ಮೊಬೈಲ್ ಸರ್ಚ್ ಬಗ್ಗೆ ಕಳಿಸಿದ ಪ್ರಶ್ನೆಗಳಿಗೆ ಈ ಸಲ ಉತ್ತರ.

ನಮ್ಮದು ಮಧುಮೇಹದ ಮಾತ್ರೆ ತಯಾರಿಸುವ ಸಣ್ಣ ಕಂಪನಿ. ವೈದ್ಯರನ್ನು ಭೇಟಿ ಮಾಡಲು ಪ್ರತಿನಿಧಿಗಳಿದ್ದಾರೆ. ಹಾಗಿರುವಾಗ ಮೊಬೈಲ್ ಸರ್ಚ್‌ಗೆ ಯಾಕೆ ಹಣ ಹಾಕಬೇಕು? (ಬೆಂಗಳೂರು)

ಪ್ರತಿನಿಧಿಗೆ ಕಾಣುವುದು ವೈದ್ಯರ ಕೋಣೆ ಮಾತ್ರ. ಚೀಟಿ ಬರೆದಾದ ಮೇಲೆ ಆ ಮಾತ್ರೆ ಮನೆಗೆ ಹೋಗುತ್ತದೆ, ಅನುಮಾನಗಳು ಹುಟ್ಟುವುದು ಅಲ್ಲಿ. ಊಟಕ್ಕೆ ಮುಂಚೆಯೋ ಆಮೇಲೋ, ಬೆಳಗಿನದು ಮರೆತರೆ ರಾತ್ರಿ ಎರಡು ನುಂಗಬಹುದೋ, ಇದೇ ಔಷಧಿ ಕಡಿಮೆ ಬೆಲೆಗೆ ಸಿಗುತ್ತದೋ? ಇದನ್ನೆಲ್ಲ ಕೇಳಲು ಯಾರೂ ಆಸ್ಪತ್ರೆಗೆ ವಾಪಸ್ ಹೋಗುವುದಿಲ್ಲ. ಸ್ಟ್ರಿಪ್ ಹಿಡಿದುಕೊಂಡೇ ಫೋನಿನಲ್ಲಿ ಹುಡುಕುತ್ತಾರೆ.

ಒಂದು ಉದಾಹರಣೆ ನೋಡಿ. ಮಧುಮೇಹಕ್ಕೆ ಕೊಡುವ, ನಿಧಾನವಾಗಿ ಕರಗುವ ಮೆಟ್‌ಫಾರ್ಮಿನ್ ಮಾತ್ರೆಯ ಹೊರಕವಚ ಕೆಲವೊಮ್ಮೆ ಮಾತ್ರೆಯ ಆಕಾರದಲ್ಲೇ ಮಲದಲ್ಲಿ ಹೊರಬರುತ್ತದೆ. ಒಳಗಿನ ಔಷಧಿ ಅಷ್ಟರಲ್ಲಿ ದೇಹಕ್ಕೆ ಸೇರಿರುತ್ತದೆ, ಉಳಿದಿರುವುದು ಬರೀ ಕವಚ. ಇದು ಗೊತ್ತಿಲ್ಲದವರು ಮಾತ್ರೆ ಕರಗಲೇ ಇಲ್ಲ ಎಂದು ಗಾಬರಿಯಾಗಿ ಇನ್ನೊಂದು ನುಂಗಬಹುದು. ಇಲ್ಲವೇ ಪುಡಿ ಮಾಡಿ ನುಂಗಬಹುದು. ಪುಡಿ ಮಾಡಿದರೆ ನಿಧಾನವಾಗಿ ಬಿಡುಗಡೆಯಾಗಬೇಕಾದ ಔಷಧಿ ಒಮ್ಮೆಲೇ ಬಿಡುಗಡೆಯಾಗುತ್ತದೆ. ವಿಷಯ ಮುದ್ರಿತ ಮಾಹಿತಿಪತ್ರದಲ್ಲಿ ಇರಬಹುದು, ಆದರೆ ಅಷ್ಟು ಸಣ್ಣ ಇಂಗ್ಲಿಷ್ ಅಕ್ಷರವನ್ನು ಓದುವವರು ಕಡಿಮೆ. ಈ ಒಂದು ಪ್ರಶ್ನೆಗೆ ಕನ್ನಡದಲ್ಲಿ ನಾಲ್ಕು ಸಾಲಿನ ಸರಿಯಾದ ಉತ್ತರವಿದ್ದರೆ ರೋಗಿ ಔಷಧಿ ಬಿಡುವುದಿಲ್ಲ. ನಿಮ್ಮ ಲಾಭವೂ ಅಲ್ಲೇ ಇದೆ.

ವೈದ್ಯರೂ ಹುಡುಕುತ್ತಾರೆ. ಒಬ್ಬ ರೋಗಿ ಎದ್ದು ಇನ್ನೊಬ್ಬ ಬರುವಷ್ಟರಲ್ಲಿ ಅವರಿಗೆ ಬೇಕಾಗುವುದು ಮೂತ್ರಪಿಂಡ ದುರ್ಬಲವಾಗಿದ್ದರೆ ಎಷ್ಟು ಡೋಸ್ ಎಂಬುದು. ಇಜಿಎಫ್‌ಆರ್ (ಮೂತ್ರಪಿಂಡ ಎಷ್ಟು ಚೆನ್ನಾಗಿ ಸೋಸುತ್ತಿದೆ ಎಂಬ ಅಳತೆ) 30ಕ್ಕಿಂತ ಕೆಳಗಿದ್ದರೆ ಮೆಟ್‌ಫಾರ್ಮಿನ್ ಕೊಡುವಂತಿಲ್ಲ ಎಂಬ ಸಾಲು ನಲವತ್ತು ಪುಟದ ಪಿಡಿಎಫ್ ಒಳಗೆ ಹೂತಿದ್ದರೆ ಫೋನಿನಲ್ಲಿ ಅದು ಇಲ್ಲದಂತೆಯೇ.

ಯಾವ ಪ್ರಶ್ನೆ ಬರುತ್ತಿದೆ ಎಂದು ತಿಳಿಯಲು ಗೂಗಲ್‌ನ ಸರ್ಚ್ ಕನ್ಸೋಲ್ ಸಾಕು. ಜನ ಏನೆಂದು ಹುಡುಕಿದಾಗ ನಿಮ್ಮ ಪುಟ ಕಾಣಿಸಿತು ಎಂದು ತೋರಿಸುವ ಸಾಧನ ಅದು, ಉಚಿತ. ಪರ್ಫಾರ್ಮೆನ್ಸ್ ವರದಿ ತೆರೆದು ಅವಧಿಯನ್ನು 16 ತಿಂಗಳಿಗೆ ಇಡಿ. ಅದಕ್ಕಿಂತ ಹಿಂದಿನದು ಸಿಗುವುದಿಲ್ಲ, ಹಾಗಾಗಿ ಪ್ರತಿ ತಿಂಗಳೂ ಇಳಿಸಿಟ್ಟುಕೊಳ್ಳಿ. ಡಿವೈಸ್‌ನಲ್ಲಿ ಮೊಬೈಲ್ ಆರಿಸಿ. ಸರಾಸರಿ ಸ್ಥಾನ 10ರ ಒಳಗಿದ್ದು, ಬಹಳ ಸಲ ಕಾಣಿಸಿಕೊಂಡು, ಕ್ಲಿಕ್ ಮಾತ್ರ ಕಡಿಮೆ ಇರುವ ಪದಗಳನ್ನು ಬೇರೆ ಮಾಡಿ. ಜನ ನಿಮ್ಮ ಪುಟದ ಶೀರ್ಷಿಕೆ ನೋಡಿ ಇದು ತಮ್ಮ ಪ್ರಶ್ನೆಗೆ ಉತ್ತರವಲ್ಲ ಎಂದು ಮುಂದೆ ಹೋಗಿರುವ ಸಾಧ್ಯತೆ ಅಲ್ಲಿ ಹೆಚ್ಚು. ಅಪರೂಪದ ಹುಡುಕಾಟಗಳನ್ನು ಖಾಸಗಿತನಕ್ಕಾಗಿ ಗೂಗಲ್ ಮುಚ್ಚಿಡುತ್ತದೆ. ಪದಗಳ ಲೆಕ್ಕ ಕೂಡಿಸಿದಾಗ ಒಟ್ಟು ಮೊತ್ತಕ್ಕೆ ತಾಳೆಯಾಗದಿದ್ದರೆ ಅದು ನಿಮ್ಮ ತಪ್ಪಲ್ಲ.

ಶೆಡ್ಯೂಲ್ ಎಚ್ ಔಷಧಿಯ ಬ್ರ್ಯಾಂಡ್ ಹೆಸರಿಗೆ ಸರ್ಚ್ ಜಾಹೀರಾತು ಕೊಡಬಹುದೇ? ಅಮೆರಿಕದಲ್ಲಿ ಕೊಡುತ್ತಾರಲ್ಲ? (ಹುಬ್ಬಳ್ಳಿ)

ಕೊಡಬೇಡಿ. ವೈದ್ಯರ ಚೀಟಿಯಿದ್ದರೆ ಮಾತ್ರ ಮಾರಬೇಕಾದ ಶೆಡ್ಯೂಲ್ ಎಚ್, ಎಚ್1 ಮತ್ತು ಎಕ್ಸ್ ಔಷಧಿಗಳನ್ನು ಕೇಂದ್ರ ಸರ್ಕಾರದ ಪೂರ್ವಾನುಮತಿಯಿಲ್ಲದೆ ಜಾಹೀರಾತು ಮಾಡುವಂತಿಲ್ಲ. ಇದರ ಜೊತೆಗೆ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ಇದೆ. ಅದರ ಪಟ್ಟಿಯಲ್ಲಿರುವ ರೋಗಗಳನ್ನು ಗುಣಪಡಿಸುತ್ತೇವೆ ಎಂದು ಯಾವ ಔಷಧಿಗೂ ಜಾಹೀರಾತು ಕೊಡುವಂತಿಲ್ಲ, ಮಧುಮೇಹ ಆ ಪಟ್ಟಿಯಲ್ಲಿದೆ. ಮೊದಲ ಸಲದ ಅಪರಾಧಕ್ಕೆ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಆಗ ಮೊಬೈಲ್ ಎಲ್ಲಿತ್ತು ಎಂದು ವಾದಿಸುವವರಿದ್ದಾರೆ. ಆದರೆ ಜಾಹೀರಾತು ಎಂದರೇನು ಎಂದು ಹೇಳುವಾಗ ಕಾಯ್ದೆ ಬೆಳಕು, ಶಬ್ದ, ಹೊಗೆಯ ಮೂಲಕ ಮಾಡುವ ಪ್ರಕಟಣೆಯನ್ನೂ ಸೇರಿಸಿಕೊಂಡಿದೆ. ಫೋನಿನ ಪರದೆ ಅದರಿಂದ ತಪ್ಪಿಸಿಕೊಳ್ಳುವುದಿಲ್ಲ.

ಅಮೆರಿಕದ ಮಾದರಿಯನ್ನು ಇಲ್ಲಿಗೆ ತರಲಾಗದು. ಚೀಟಿ ಔಷಧಿಗಳನ್ನು ನೇರವಾಗಿ ಜನರಿಗೆ ಜಾಹೀರಾತು ಮಾಡಲು ಬಿಡುವ ಪ್ರಮುಖ ದೇಶಗಳು ಅಮೆರಿಕ ಮತ್ತು ನ್ಯೂಜಿಲೆಂಡ್ ಮಾತ್ರ. ಅಮೆರಿಕದಲ್ಲಿಯೂ 2009ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 14 ಕಂಪನಿಗಳಿಗೆ ಸರ್ಚ್ ಜಾಹೀರಾತಿನ ವಿಷಯವಾಗಿಯೇ ಪತ್ರ ಬರೆಯಿತು. ಎರಡು ಸಾಲಿನ ಜಾಹೀರಾತಿನಲ್ಲಿ ಉಪಯೋಗ ಹೇಳಿ, ಅಪಾಯವನ್ನು ಕ್ಲಿಕ್ ಮಾಡಿದ ಮೇಲೆ ತೋರಿಸುತ್ತೇವೆ ಎಂಬ ಸಮಜಾಯಿಷಿಯನ್ನು ಅದು ಒಪ್ಪಲಿಲ್ಲ.

ನೀವು ಮಾಡಬಹುದಾದದ್ದು ಇಷ್ಟು: ರೋಗದ ಬಗ್ಗೆ ಬರೆಯುವ ಪುಟದಲ್ಲಿ ಬ್ರ್ಯಾಂಡ್ ಬೇಡ. ಬ್ರ್ಯಾಂಡ್ ಇರುವ ಪುಟದಲ್ಲಿ ಅನುಮೋದಿತ ಮಾಹಿತಿಪತ್ರಕ್ಕಿಂತ ಒಂದು ಪದವೂ ಹೆಚ್ಚು ಬೇಡ. ಎರಡನ್ನೂ ಕಂಪನಿಯ ವೈದ್ಯಕೀಯ ವಿಭಾಗ ಮತ್ತು ವಕೀಲರು ಓದಿ ಸಹಿ ಹಾಕಲಿ. ಔಷಧ ಮಾರಾಟದ ಏಕರೂಪ ಸಂಹಿತೆ 2024ರ ಮಾರ್ಚ್‌ನಲ್ಲಿ ಬಂತು. ಅದರ ಪ್ರಕಾರ ‘ಸುರಕ್ಷಿತ’ ಎಂಬ ಮಾತನ್ನು ಯಾವುದೇ ಷರತ್ತು ಹೇಳದೆ ಬಳಸುವಂತಿಲ್ಲ. ಭಾರತದಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಸಾಮಾನ್ಯವಾಗಿ ಸಿಗುತ್ತಿರುವ ಔಷಧಿಯನ್ನು ‘ಹೊಸದು’ ಎನ್ನುವಂತಿಲ್ಲ. ಪುಟದ ಶೀರ್ಷಿಕೆ ಬರೆಯುವ ಏಜೆನ್ಸಿಯವರು ಮೊದಲು ಎಡವುವುದು ಈ ಎರಡು ಪದಗಳಲ್ಲೇ.

ಕನ್ನಡದಲ್ಲಿ ಚೆನ್ನಾಗಿಯೇ ಪುಟ ಮಾಡಿಸಿದ್ದೇವೆ. ಫೋನಿನಲ್ಲಿ ಹುಡುಕಿದರೆ ಬರುವುದೇ ಇಲ್ಲ. (ಮೈಸೂರು)

ಮೊದಲು ಹೀಗೆ ಪರೀಕ್ಷಿಸಿ: ಪುಟದ ಒಂದು ವಾಕ್ಯ ಕಾಪಿ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಅಂಟಿಸಿ. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಬಂದರೆ ಅದು ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪಾಗಿದೆ. ಕಣ್ಣಿಗೆ ಕನ್ನಡ, ಸರ್ಚ್ ಯಂತ್ರಕ್ಕೆ ಕಸ. ಮುದ್ರಣಕ್ಕೆಂದು ಡಿಟಿಪಿ ಮಾಡಿಸಿದ ಕೈಪಿಡಿಯನ್ನೇ ಪಿಡಿಎಫ್ ಆಗಿ ಏರಿಸಿದಾಗ ಆಗುವುದು ಇದೇ. ಎಲ್ಲ ಫೋನು, ಕಂಪ್ಯೂಟರುಗಳೂ ಕನ್ನಡವೆಂದೇ ಗುರುತಿಸುವ ಯುನಿಕೋಡ್‌ಗೆ ಪರಿವರ್ತಿಸಿ, ಆದರೆ ಪರಿವರ್ತಕವನ್ನು ಪೂರ್ತಿ ನಂಬಬೇಡಿ. ಒತ್ತಕ್ಷರ, ಅರ್ಕಾವತ್ತು ಮತ್ತು ಅಂಕಿಗಳನ್ನು ಒಬ್ಬರು ಮೂಲದೊಡನೆ ಕುಳಿತು ಹೋಲಿಸಲೇಬೇಕು. ಡೋಸ್‌ನ ಅಂಕಿ ತಪ್ಪಿದರೆ ಅದು ಕಾಗುಣಿತದ ತಪ್ಪಷ್ಟೇ ಆಗಿ ಉಳಿಯುವುದಿಲ್ಲ. ಏನನ್ನೂ ಕಾಪಿ ಮಾಡಲಾಗದಿದ್ದರೆ ನಿಮ್ಮ ಬರಹ ಚಿತ್ರದ ಒಳಗಿದೆ, ಅದನ್ನು ಹೊಸದಾಗಿ ಟೈಪ್ ಮಾಡಿಸಿ.

ಎರಡನೆಯದು ಪದಗಳ ಆಯ್ಕೆ. ಪುಟದ ತುಂಬ ‘ಮಧುಮೇಹ’ ಇದ್ದು, ಹುಡುಕುವವರು ‘ಶುಗರ್’, ‘ಸಕ್ಕರೆ ಕಾಯಿಲೆ’ ಎಂದು ಹೇಳುತ್ತಿದ್ದರೆ ಇಬ್ಬರೂ ಭೇಟಿಯಾಗುವುದು ಕಷ್ಟ. ಬಾಯಲ್ಲಿ ಹೇಳಿ ಹುಡುಕುವವರ ಪ್ರಶ್ನೆ ಇಡೀ ವಾಕ್ಯವಾಗಿರುತ್ತದೆ: ‘ಶುಗರ್ ಮಾತ್ರೆ ಊಟಕ್ಕೆ ಮುಂಚೆ ತಗೋಬೇಕಾ?’ ಇಂಥ ಪ್ರಶ್ನೆಯನ್ನೇ ಉಪಶೀರ್ಷಿಕೆ ಮಾಡಿ, ಉತ್ತರವನ್ನು ಅದರ ಕೆಳಗಿನ ಮೊದಲ ವಾಕ್ಯದಲ್ಲೇ ಹೇಳಿ. ಔಷಧಿಯ ಹೆಸರಿನಲ್ಲಿ ಇನ್ನೊಂದು ತೊಡಕಿದೆ. ‘ಮೆಟ್‌ಫಾರ್ಮಿನ್’ ಎಂದು ಬಿಡಿಸಿ ಬರೆಯುವಾಗ ಟ್ ಆದ ಮೇಲೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಕೂರುತ್ತದೆ. ಅದಿಲ್ಲದಿದ್ದರೆ ‘ಮೆಟ್ಫಾರ್ಮಿನ್’ ಆಗುತ್ತದೆ. ಸರ್ಚ್ ಕನ್ಸೋಲ್‌ನಲ್ಲಿ ಪದ ಸೋಸುವಾಗ ಎರಡೂ ರೂಪಗಳನ್ನು, ಇಂಗ್ಲಿಷ್ ಅಕ್ಷರದ ರೂಪವನ್ನೂ ಹಾಕಿ.

ಮೂರನೆಯದು ಔಷಧ ಕಂಪನಿಗಳ ತಾಣಗಳಲ್ಲೇ ಹೆಚ್ಚಾಗಿ ಕಾಣುವ ತೊಂದರೆ: ‘ನೀವು ವೈದ್ಯರೇ?’ ಎಂದು ಕೇಳುವ ಬಾಗಿಲು. ಹೌದು ಎಂದು ಒತ್ತಿದ ಮೇಲಷ್ಟೇ ಸರ್ವರ್ ಪುಟ ಕಳಿಸುವಂತಿದ್ದರೆ ಗೂಗಲ್‌ನ ಯಂತ್ರ ಬಾಗಿಲಲ್ಲೇ ನಿಲ್ಲುತ್ತದೆ, ಅದು ಗುಂಡಿ ಒತ್ತುವುದಿಲ್ಲ. ಆ ಬಾಗಿಲನ್ನು ವೈದ್ಯರ ವಿಭಾಗಕ್ಕೆ ಮಾತ್ರ ಇಡಿ, ರೋಗಿಗಳ ಪುಟಗಳಿಗೆ ಬೇರೆ ದಾರಿ ಮಾಡಿ. ಕಂಪ್ಯೂಟರಿನಲ್ಲಿ ಕಾಣುವ ಎಚ್ಚರಿಕೆಯ ಕೋಷ್ಟಕವನ್ನು ಫೋನಿನ ರೂಪದಲ್ಲಿ ತೆಗೆದುಹಾಕುವವರೂ ಇದ್ದಾರೆ. ಗೂಗಲ್ ಈಗ ಓದುವುದು ಮೊಬೈಲ್ ರೂಪವನ್ನೇ, ಅಲ್ಲಿಲ್ಲದ್ದು ಅದರ ಲೆಕ್ಕಕ್ಕೆ ಸೇರುವುದಿಲ್ಲ. ರೋಗಿಗೂ ಆ ಎಚ್ಚರಿಕೆ ಸಿಗುವುದಿಲ್ಲ, ಅದು ಇನ್ನೂ ಕೆಟ್ಟದ್ದು.

ವೇಗ: ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು. ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಫಾಂಟ್ ಮೊದಲೇ ಇರುವುದರಿಂದ ಭಾರವಾದ ಫಾಂಟ್ ಸೇರಿಸಬೇಡಿ. ಪುಟದ ವಿಳಾಸವನ್ನು ಇಂಗ್ಲಿಷ್ ಅಕ್ಷರದಲ್ಲಿಡುವುದೇ ಒಳ್ಳೆಯದು. ಕನ್ನಡದಲ್ಲಿಟ್ಟರೆ ಹಂಚಿಕೊಳ್ಳುವಾಗ ‘ಮಧುಮೇಹ’ ಎಂಬ ಒಂದೇ ಪದ 54 ಚಿಹ್ನೆಗಳ ಸಾಲಾಗಬಹುದು.

ನಮ್ಮದು ಮೆಡಿಕಲ್ ಅಂಗಡಿ. ನಮಗೆ ಇದರಿಂದ ಏನಾದರೂ ಉಪಯೋಗವಿದೆಯೇ? (ಶಿವಮೊಗ್ಗ)

ಇದೆ. ಗೂಗಲ್ ಮ್ಯಾಪ್‌ನಲ್ಲಿ ಅಂಗಡಿಯನ್ನು ನಿಮ್ಮ ಹೆಸರಿಗೆ ದೃಢೀಕರಿಸಿಕೊಳ್ಳಿ. ತೆರೆದಿರುವ ಸಮಯ, ಹಬ್ಬದ ದಿನದ ಸಮಯ, ಫೋನ್ ನಂಬರ್, ಇನ್ಸುಲಿನ್‌ಗೆ ಫ್ರಿಜ್ ಇದೆಯೇ ಎಂಬುದನ್ನು ಸರಿಯಾಗಿ ತುಂಬಿ. ರಾತ್ರಿ ಹನ್ನೊಂದಕ್ಕೆ ಹುಡುಕಿ ಬಂದವರಿಗೆ ಬಾಗಿಲು ಮುಚ್ಚಿದ್ದು ಕಂಡರೆ ಅವರು ಇನ್ನೊಮ್ಮೆ ಬರುವುದಿಲ್ಲ.

ತಾಯಿಗಾಗಿ ಶುಗರ್ ಔಷಧಿ ಹುಡುಕಿದೆ. ಇನ್ನು ಕಂಪನಿಗಳು ನನ್ನನ್ನು ಹಿಂಬಾಲಿಸುತ್ತವೆಯೇ? (ಮಂಗಳೂರು)

ಆರೋಗ್ಯದ ವಿಷಯ ಹಿಡಿದು ವ್ಯಕ್ತಿಯನ್ನು ಗುರಿಯಾಗಿಸುವ ಜಾಹೀರಾತಿಗೆ ಗೂಗಲ್‌ನ ನೀತಿಯಲ್ಲಿ ಅವಕಾಶವಿಲ್ಲ. ಕಂಪನಿಗೆ ಸರ್ಚ್ ಕನ್ಸೋಲ್‌ನಲ್ಲಿ ಕಾಣುವುದು ಪದಗಳು ಮತ್ತು ಎಣಿಕೆ, ನಿಮ್ಮ ಹೆಸರಲ್ಲ. ನೀವಾಗಿ ಫಾರಂ ತುಂಬಿ ಫೋನ್ ನಂಬರ್ ಕೊಟ್ಟರೆ ಮಾತ್ರ ಮಾತು ಬೇರೆ. ಕೇಳದ ಹೊರತು ಕೊಡಬೇಡಿ, ಕೇಳಿದರೂ ಯಾಕೆಂದು ಓದಿ ಕೊಡಿ.

ಮಾತ್ರೆಯಿಂದ ತೊಂದರೆಯಾಗಿದ್ದರೆ ಹುಡುಕುತ್ತ ಕೂರದೆ ವೈದ್ಯರಿಗೆ ಹೇಳಿ. ಭಾರತದ ಔಷಧ ನಿಗಾ ಕಾರ್ಯಕ್ರಮದ ಉಚಿತ ಸಂಖ್ಯೆ 1800-180-3024ಕ್ಕೂ ತಿಳಿಸಬಹುದು. ಕಂಪನಿಯವರಿಗೂ ಒಂದು ಮಾತು: ಈ ಸಂಖ್ಯೆಯನ್ನು ನಿಮ್ಮ ಪ್ರತಿ ಔಷಧಿಯ ಪುಟದಲ್ಲಿ, ಒತ್ತಿದರೆ ಕರೆ ಹೋಗುವಂತೆ ಹಾಕಿ. ತಾಣದ ಫಾರಂನಲ್ಲಿ ಯಾರಾದರೂ ಅಡ್ಡಪರಿಣಾಮ ಬರೆದರೆ ಅದು ಮಾರಾಟ ವಿಭಾಗದ ಇನ್‌ಬಾಕ್ಸ್‌ನಲ್ಲಿ ಕೊಳೆಯದೆ ಅದೇ ದಿನ ಔಷಧ ಸುರಕ್ಷತಾ ವಿಭಾಗಕ್ಕೆ ಹೋಗುವ ವ್ಯವಸ್ಥೆ ಮಾಡಿ, ಪುಟ ತೆರೆಯುವ ಮೊದಲೇ.