ತೋಟವೂ ನಮ್ಮದೇ, ಅಂಗಡಿಯೂ ನಮ್ಮದೇ ಆದರೆ?

ಪ್ರಶ್ನೆ: ಮೂಡಿಗೆರೆ ಕಡೆ ನಮ್ಮದು ಸಣ್ಣ ರೊಬಸ್ಟಾ ಕಾಫಿ ತೋಟ. ಪ್ರತಿ ವರ್ಷ ಚೆರ್ರಿ, ಅಂದರೆ ಕಾಫಿ ಹಣ್ಣು, ಒಣಗಿಸಿ ವ್ಯಾಪಾರಿಗೆ ಕೊಡುತ್ತೇವೆ. ಈಗ ಮಗ, ‘ನಾವೇ ಹುರಿದು ಪುಡಿ ಮಾಡಿ ವಾಟ್ಸಾಪ್‌ನಲ್ಲಿ ಮಾರೋಣ, ಮಧ್ಯದವರ ಲಾಭವೆಲ್ಲ ನಮಗೇ’ ಅನ್ನುತ್ತಾನೆ. ಪೇಟೆಯ ಒಂದು ಅಂಗಡಿಯವರೂ ಪುಡಿ ಕೇಳಿದ್ದಾರೆ. ಕೈ ಹಾಕಬಹುದಾ?
– ಓದುಗರೊಬ್ಬರು, ಚಿಕ್ಕಮಗಳೂರು ಜಿಲ್ಲೆ

ಉತ್ತರ: ಖಂಡಿತ ಹಾಕಿ. ಹಿಂದೆ ಬೆಳೆಗಾರರು ಕಾಫಿಯನ್ನು ಸರ್ಕಾರದ ಕಾಫಿ ಮಂಡಳಿಯ ಪೂಲಿಗೇ, ಅಂದರೆ ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಮಾರುವ ಸಂಗ್ರಹಕ್ಕೇ, ಕೊಡಬೇಕಿತ್ತು, ದುಡ್ಡು ಕಂತಿನಲ್ಲಿ ಬರುತ್ತಿತ್ತು. 1992ರಿಂದ ಆ ಕಟ್ಟು ಸ್ವಲ್ಪಸ್ವಲ್ಪವೇ ಸಡಿಲವಾಗಿ, 1996ರ ಹೊತ್ತಿಗೆ ಎಲ್ಲರೂ ತಮಗೆ ಬೇಕಾದವರಿಗೆ ಮಾರುವಂತಾಯಿತು. ಈ ಹಕ್ಕನ್ನು ಸಣ್ಣ ಬೆಳೆಗಾರರು ಬಳಸಿಕೊಳ್ಳಲಿ ಎಂಬುದು ನನ್ನ ಆಸೆ.

ಆದರೆ ಮಗನಿಗೆ ಒಂದು ಮಾತು ಹೇಳಿ. ಮಧ್ಯದವರು ಹೋದರೂ ಅವರ ಕೆಲಸ ಉಳಿದೇ ಇರುತ್ತದೆ, ಹುರಿಯುವುದು, ಪೊಟ್ಟಣ ಕಟ್ಟುವುದು, ಕೊರಿಯರ್‌ಗೆ ಓಡುವುದು, ‘ಪುಡಿ ದಪ್ಪ ಆಯ್ತು’ ಎಂದವರಿಗೆ ಬದಲಿ ಕಳಿಸುವುದು, ಎಲ್ಲ ನಿಮ್ಮ ಮನೆಯವರ ತಲೆಗೇ. 50 ಕೆ.ಜಿ. ಒಣ ಚೆರ್ರಿ ಮೂಟೆಯಿಂದ ಬೀಜ ಸಿಗುವುದು ಸುಮಾರು 26 ಕೆ.ಜಿ., ಹುರಿದಾಗ ಅದರಲ್ಲೂ ಶೇ. 15–20 ತೂಕ ಇಳಿಯುತ್ತದೆ. ಅಂದರೆ ಕೈಗೆ ಬರುವ ಪುಡಿ 21–22 ಕೆ.ಜಿ. ಅಷ್ಟೇ.

ಅದಕ್ಕೇ ಎರಡು ಲೆಕ್ಕದ ಪುಸ್ತಕ ಇಡಿ, ತೋಟಕ್ಕೊಂದು, ನಿಮ್ಮ ಪುಡಿ ಅಂಗಡಿಗೊಂದು. ಅಂಗಡಿಯು ತೋಟದಿಂದ ಚೆರ್ರಿಯನ್ನು ಆ ದಿನದ ಪೇಟೆ ರೇಟಿಗೇ ಕೊಂಡಂತೆ ಬರೆಯಿರಿ, ಮನೆಯದೇ ಅಲ್ವಾ ಎಂದು ಸುಮ್ನೆ ಬಿಡಬೇಡಿ. ಪೊಟ್ಟಣ, ಕೊರಿಯರ್, ಮಗನ ಸಂಬಳ, ಎಲ್ಲ ಕಳೆದು ಉಳಿದದ್ದೇ ಅಂಗಡಿಯ ಲಾಭ. ಏನೂ ಉಳಿಯದಿದ್ದರೆ ಆ ಮೂಟೆಯನ್ನು ವ್ಯಾಪಾರಿಗೆ ಕೊಡುವುದೇ ಮೇಲು. ಹೀಗೆ ಬರೆಯದವರು ಕಾಫಿ ರೇಟು ಏರಿದ ವರ್ಷ ಪುಡಿಯನ್ನು ಹಳೇ ಬೆಲೆಗೇ ಮಾರಿ, ತೋಟದ ದುಡ್ಡಿನಿಂದ ಗಿರಾಕಿಗಳಿಗೆ ಕಾಫಿ ಕುಡಿಸುತ್ತಿರುತ್ತಾರೆ, ಅದು ಅವರಿಗೆ ಗೊತ್ತೂ ಆಗುವುದಿಲ್ಲ.

ಪೇಟೆಯ ಅಂಗಡಿಯವರಿಗೂ ಕೊಡಿ, ಅವರ ಪಾಲು ಬಿಟ್ಟುಕೊಟ್ಟೇ ಕೊಡಿ. ಆದರೆ ಅವರು ಮಾರುವ ಬೆಲೆಗಿಂತ ಕಡಿಮೆಗೆ ನೀವು ವಾಟ್ಸಾಪ್‌ನಲ್ಲಿ ಮಾರಬೇಡಿ. ತಮ್ಮ ಗಿರಾಕಿಯನ್ನೇ ಕಿತ್ತುಕೊಳ್ಳುವವರ ಪೊಟ್ಟಣವನ್ನು ಯಾರು ಇಟ್ಟುಕೊಳ್ಳುತ್ತಾರೆ?

ಶುರು ಮಾಡುವ ಮೊದಲು ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ. ಚಿಕೋರಿ (ಕಾಫಿಗೆ ಸೇರಿಸುವ ಹುರಿದ ಬೇರಿನ ಪುಡಿ) ಬೆರೆಸುವುದಾದರೆ ಕಾಫಿ ಶೇ. 51ಕ್ಕಿಂತ ಕಡಿಮೆ ಇರುವಂತಿಲ್ಲ, ಯಾವುದು ಎಷ್ಟು ಎಂದು ಪೊಟ್ಟಣದ ಮೇಲೆ ಅಚ್ಚಾಗಲೇಬೇಕು. ಮೊದಲ ವರ್ಷ ಕೆಲವೇ ಮೂಟೆ ತೆಗೆದಿಟ್ಟು, ಉಳಿದದ್ದನ್ನು ಎಂದಿನಂತೆ ವ್ಯಾಪಾರಿಗೆ ಕೊಡಿ.