‘ತಂದೆಯೇ’ ಎನ್ನಲು ಬಾಯಿ ಬಾರದಿದ್ದಾಗ

ಪ್ರಶ್ನೆ: ನನಗೆ 36 ವರ್ಷ. ಹುಟ್ಟಿದಾಗಿನಿಂದ ಸಭೆಯಲ್ಲೇ ಬೆಳೆದವಳು. ಅಪ್ಪ ಸಭೆಯ ಹಿರಿಯರು, ಒಂದು ರಾತ್ರಿಯೂ ಕುಟುಂಬ ಪ್ರಾರ್ಥನೆ ತಪ್ಪಿಸಿದವರಲ್ಲ. ಅದೇ ಅಪ್ಪ ಸಣ್ಣಪುಟ್ಟ ತಪ್ಪಿಗೂ ಬೆಲ್ಟು ಬಿಚ್ಚುತ್ತಿದ್ದರು. ಹೊಡೆದಾದ ಮೇಲೆ ಜ್ಞಾನೋಕ್ತಿಯ ಬೆತ್ತದ ವಾಕ್ಯವನ್ನು ನನ್ನಿಂದಲೇ ಓದಿಸುತ್ತಿದ್ದರು. ಈಗಲೂ ಆರಾಧನೆಯಲ್ಲಿ ಎಲ್ಲರೂ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂದು ಶುರುಮಾಡಿದರೆ ನನಗೆ ಬೆಲ್ಟಿನ ಕೊಂಡಿಯ ಸದ್ದು ಕೇಳಿದಂತಾಗುತ್ತದೆ, ಬಾಯಿ ಕಟ್ಟಿಹೋಗುತ್ತದೆ. ಎರಡನೆಯ ಸಾಲಿನಿಂದ ಸೇರಿಕೊಳ್ಳುತ್ತೇನೆ. ‘ಮೊದಲು ನಿನ್ನ ಅಪ್ಪನನ್ನು ಕ್ಷಮಿಸು, ಆಮೇಲೆ ದೇವರ ಪ್ರೀತಿ ತಾನಾಗಿ ಅರ್ಥವಾಗುತ್ತದೆ’ ಎಂದರು ಸಭಾಪಾಲಕರು. ಅಪ್ಪನಿಗೆ ಈಗ ವಯಸ್ಸಾಗಿದೆ. ಆಗಾಗ ಫೋನ್ ಮಾಡುತ್ತಾರೆ, ಹಳೆಯದನ್ನು ಎಂದೂ ಎತ್ತಿಲ್ಲ. ಕಳೆದ ವಾರ 7 ವರ್ಷದ ಮಗಳು ‘ಅಮ್ಮಾ, ನೀನ್ಯಾಕೆ ಮೊದಲನೇ ಸಾಲು ಹೇಳಲ್ಲ?’ ಎಂದು ಕೇಳಿಬಿಟ್ಟಳು. ನನ್ನ ವಿಶ್ವಾಸವೇ ಸುಳ್ಳಾ?

ಉತ್ತರ: ಸುಳ್ಳಲ್ಲ, ಸಹೋದರಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆ ಭಾರ ಹೊತ್ತುಕೊಂಡು ನೀವು ಉಳಿದದ್ದನ್ನು ಓದುವುದು ಬೇಡ. ವಿಶ್ವಾಸ ಇಲ್ಲದವರು ಎರಡನೆಯ ಸಾಲಿಗೆ ಕಾಯುವುದಿಲ್ಲ. ನೀವು ವಾರವಾರವೂ ಅಲ್ಲಿ ಹೋಗಿ ನಿಲ್ಲುತ್ತೀರಿ, ನೋಯಿಸುವ ಪದ ದಾಟುವವರೆಗೆ ತಡೆದುಕೊಳ್ಳುತ್ತೀರಿ, ಆಮೇಲೆ ಪ್ರಾರ್ಥಿಸುತ್ತೀರಿ. ನಿಮ್ಮ ಪತ್ರದಲ್ಲಿ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಇದೇ.

ಲೂಕನ ಸುವಾರ್ತೆಯ 15ನೇ ಅಧ್ಯಾಯ ನಿಮಗೆ ಬಾಯಿಪಾಠವೇ ಇರಬೇಕು. ಯೇಸು ಹೇಳಿದ ಕಥೆ ಅದು: ಆಸ್ತಿಯ ಪಾಲು ಹಾಳುಮಾಡಿ ಮನೆಗೆ ಮರಳುವ, ತಪ್ಪಿಹೋದ ಕಿರಿಯ ಮಗ, ದೂರದಿಂದಲೇ ಅವನನ್ನು ಕಂಡು ಓಡಿಬರುವ ತಂದೆ. ಪ್ರಸಂಗಗಳು ಸಾಮಾನ್ಯವಾಗಿ ಆ ಅಪ್ಪುಗೆಯ ಹತ್ತಿರ ನಿಂತುಬಿಡುತ್ತವೆ. ನೀವು ಅದರ ಮುಂದಿನ ಭಾಗವನ್ನು ನಿಧಾನವಾಗಿ ಓದಿ. ಕಿರಿಯವನು ಬಾಯಿ ತೆರೆದಾಗಲೆಲ್ಲ ‘ಅಪ್ಪಾ’ ಎನ್ನುತ್ತಾನೆ. ಹಿರಿಯವನು ಒಂದು ಸಲವೂ ಅನ್ನುವುದಿಲ್ಲ. ಹೊಲದಿಂದ ಬಂದವನು ಮನೆಯೊಳಗೆ ತಮ್ಮ ಮರಳಿದ ಸಂಭ್ರಮದ ಹಾಡು ಕುಣಿತ ಕೇಳಿ ಅಂಗಳದಲ್ಲೇ ಸಿಟ್ಟಿನಿಂದ ನಿಲ್ಲುತ್ತಾನೆ. ‘ನೋಡು, ಇಷ್ಟು ವರ್ಷ ನಿನಗೆ ದುಡಿದೆ’ ಎಂದು ನೇರವಾಗಿ ಲೆಕ್ಕಕ್ಕಿಳಿಯುತ್ತಾನೆ. ದುಡಿದೆ ಎನ್ನುವಲ್ಲಿ ಗ್ರೀಕಿನಲ್ಲಿರುವುದು ದಾಸನಾಗಿ ದುಡಿಯುವುದನ್ನು ಹೇಳುವ ಪದ. ತಂದೆಯನ್ನು ತಂದೆ ಎಂದು ಕರೆಯಲಾರದ ಮಗ ಅವನು. ಆಗ ತಂದೆ ಏನು ಮಾಡುತ್ತಾನೆ? ಅತಿಥಿಗಳನ್ನು ಒಳಗೇ ಬಿಟ್ಟು ಹೊರಗೆ ಬರುತ್ತಾನೆ, ಬೇಡಿಕೊಳ್ಳುತ್ತಾನೆ. ‘ಮೊದಲು ನನ್ನನ್ನು ಅಪ್ಪಾ ಅನ್ನು’ ಎಂದು ಷರತ್ತು ಹಾಕುವುದಿಲ್ಲ, ‘ಕಂದಾ’ ಎಂದು ತಾನೇ ಮೊದಲು ಕರೆಯುತ್ತಾನೆ. ಅಲ್ಲಿರುವ ಗ್ರೀಕ್ ಪದ ‘ತೆಕ್ನೊನ್’. ಅದು ಹೆರುವುದು ಎಂಬ ಧಾತುವಿನಿಂದ ಬಂದದ್ದು. ಹಿರಿಯ ಮಗನ ಸಿಟ್ಟಿಗೂ ನಿಮ್ಮ ನೋವಿಗೂ ಕಾರಣ ಬೇರೆ, ನನಗೆ ಗೊತ್ತು. ಅವನಿಗೆ ಯಾರೂ ಹೊಡೆದಿರಲಿಲ್ಲ. ಆದರೆ ಆ ಅಧ್ಯಾಯದಲ್ಲಿ ಎರಡು ಸಲವೂ ಮನೆ ಬಿಟ್ಟು ಹೊರಗೆ ನಡೆದು ಬಂದವನು ತಂದೆಯೇ. ಯೇಸು ಸ್ವಾಮಿ ತೋರಿಸಿದ ತಂದೆತನದ ಗುರುತು ನನಗೆ ಕಾಣುವುದು ಅಲ್ಲಿ.

ನಿಮ್ಮನ್ನು ಹೆದರಿಸಿದ್ದು ಇದಕ್ಕೆ ತಲೆಕೆಳಗಾದ ಪಾಠ. ದೇವರು ಎಂದರೆ ನಿಮ್ಮ ಅಪ್ಪನನ್ನೇ ಆಕಾಶದಷ್ಟು ದೊಡ್ಡದು ಮಾಡಿದ ಹಾಗೆ ಎಂದು ಬೆಲ್ಟು ನಿಮಗೆ ಕಲಿಸಿತು. ಸತ್ಯವೇದ ಭೂಮಿಯ ಮೇಲಿನ ಅಪ್ಪಂದಿರನ್ನು ಅಷ್ಟು ಎತ್ತರದಲ್ಲಿ ಕೂರಿಸುವುದೇ ಇಲ್ಲ. ‘ಕೆಟ್ಟವರಾದ ನೀವೇ ಮಕ್ಕಳಿಗೆ ಒಳ್ಳೆಯದನ್ನು ಕೊಡಬಲ್ಲಿರಾದರೆ’ ಎಂದು ಸ್ವಾಮಿಯೇ ಅಪ್ಪಂದಿರ ಮುಖಕ್ಕೆ ಹೇಳಿದ್ದು ಮತ್ತಾಯ 7ರಲ್ಲಿದೆ. ಶಿಕ್ಷೆಯ ವಿಷಯಕ್ಕೆ ಎಲ್ಲರೂ ಎತ್ತುವ ಇಬ್ರಿಯ 12ರಲ್ಲೇ, ನಮ್ಮ ತಂದೆಗಳು ತಮಗೆ ಸರಿ ತೋರಿದಂತೆ ಶಿಕ್ಷಿಸಿದರು, ದೇವರು ಮಾತ್ರ ನಮ್ಮ ಹಿತಕ್ಕಾಗಿ ಶಿಕ್ಷಿಸುತ್ತಾನೆ ಎಂಬ ಮಾತಿದೆ. ಆ ವ್ಯತ್ಯಾಸವನ್ನು ಬರೆದಿಟ್ಟದ್ದೂ ವಾಕ್ಯವೇ. ಮಕ್ಕಳನ್ನು ಕೆಣಕಬೇಡಿ, ಅವರು ಮನಗುಂದಿಯಾರು ಎಂದು ಪೌಲನು ಕೊಲೊಸ್ಸೆಯ ತಂದೆಗಳಿಗೆ ಬರೆದ. ಏಟು ತಿಂದು ಅಳುತ್ತಿದ್ದ ಹುಡುಗಿಯಿಂದ ಬೆತ್ತದ ವಾಕ್ಯ ಓದಿಸಿದ ಕೈ ಈ ಪುಟಗಳನ್ನು ತಿರುಗಿಸಲೇ ಇಲ್ಲ. ಅದು ಅನ್ಯಾಯ. ನಿಮಗೂ ಅನ್ಯಾಯ, ವಾಕ್ಯಕ್ಕೂ ಅನ್ಯಾಯ.

ಹೋಶೇಯ 11ನ್ನು ನೀವು ಓದಬೇಕು ಎಂದು ನನಗೆ ಬಹಳ ಆಸೆ. ಎಫ್ರಾಯೀಮಿಗೆ, ಅಂದರೆ ತನ್ನ ಜನರಾದ ಇಸ್ರಾಯೇಲಿಗೆ, ನಡೆಯಲು ಕಲಿಸಿದವನು ನಾನೇ, ತೋಳು ಹಿಡಿದುಕೊಂಡವನು ನಾನೇ, ಬಾಗಿ ಉಣಿಸಿದವನು ನಾನೇ ಎನ್ನುತ್ತಾನೆ ದೇವರು. ನಡೆಯಲು ಕಲಿಯುವ ಕೂಸಿನ ಕೈ ಹಿಡಿಯಬೇಕಾದರೆ ದೊಡ್ಡವರ ಬೆನ್ನು ಬಾಗಲೇಬೇಕು. ನಿಮ್ಮ ಮಗಳು ಮೊದಲ ಹೆಜ್ಜೆ ಇಟ್ಟ ದಿನ ನಿಮ್ಮ ಸೊಂಟ ನೋಯುವಷ್ಟು ಬಾಗಿಲ್ಲವೇ? ದೇವರ ತಂದೆತನವನ್ನು ಊಹಿಸಲು ನಿಮಗೆ ಅಪ್ಪನ ನೆನಪು ದಾರಿ ತೋರಿಸದಿದ್ದರೆ ಆ ಬೆನ್ನುನೋವಿನಿಂದ ಶುರುಮಾಡಿ. ಯೆಶಾಯ 49 ಮತ್ತು 66ರಲ್ಲಿ ದೇವರೇ ತನ್ನ ಪ್ರೀತಿಯನ್ನು ತಾಯಿಯ ಹೋಲಿಕೆಯಲ್ಲಿ ಹೇಳಿದ್ದಾನೆ, ಹಾಗಾಗಿ ಇದೇನೂ ಅಡ್ಡದಾರಿಯಲ್ಲ.

ಪದದ ವಿಷಯಕ್ಕೆ ಬರೋಣ. ಬಾಯಿ ಕಟ್ಟಿದರೆ ಬಲವಂತ ಮಾಡಬೇಡಿ. 150 ಕೀರ್ತನೆಗಳಲ್ಲಿ ದೇವರನ್ನು ಬಂಡೆ, ಕುರುಬ, ಕೋಟೆ, ಆಶ್ರಯ ಎಂದು ಎಷ್ಟೋ ಸಲ ಕರೆದಿದ್ದಾರೆ, ತಂದೆ ಎನ್ನುವುದು ಅಲ್ಲಿ ತೀರಾ ಅಪರೂಪ. ತಂದೆ ಎಂಬರ್ಥದ ‘ಅಬ್ಬಾ’ ಎಂಬ ಅರಮೇಯ ಪದ ಹೊಸ ಒಡಂಬಡಿಕೆಯಲ್ಲಿ ಬರುವುದು ಮೂರೇ ಕಡೆ. ಅವುಗಳಲ್ಲಿ ಒಂದು ಯೇಸು ಬಂಧನಕ್ಕೆ ಮೊದಲು ಪ್ರಾರ್ಥಿಸಿದ ಗೆತ್ಸೇಮನೆಯದು, ಎದೆಯೊಡೆಯುವ ದುಃಖದ ರಾತ್ರಿಯದು. ಮರುದಿನ ಶಿಲುಬೆಯ ಮೇಲೆ ಅದೇ ಯೇಸು ‘ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟೆ’ ಎಂದು ಕೂಗಿದ್ದನ್ನು ಮತ್ತಾಯನೂ ಮಾರ್ಕನೂ ಬರೆದಿದ್ದಾರೆ. ಆ ಗಳಿಗೆಯ ಕೂಗಿನಲ್ಲಿ ‘ತಂದೆಯೇ’ ಇಲ್ಲ. ಆ ಮಗ ಮಗನಲ್ಲದೆ ಹೋದನೇ? ‘ನನ್ನ ದೇವರೇ’ ಎಂದು ಶುರುಮಾಡಿ, ಸಾಕು.

ನಿಮ್ಮ ಸಭಾಪಾಲಕರು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು, ಆದರೆ ಅವರ ಮಾತನ್ನು ನಾನು ಒಪ್ಪುವುದಿಲ್ಲ. ಕ್ಷಮಿಸಿದರೆ ಮಾತ್ರ ದೇವರ ಪ್ರೀತಿ ತಿಳಿಯುತ್ತದೆ ಎಂದರೆ ಅಂಗಳದಿಂದ ಬಾಗಿಲವರೆಗಿನ ದೂರವನ್ನೆಲ್ಲ ಏಟು ತಿಂದವಳೇ ನಡೆಯಬೇಕು ಎಂದಾಯಿತು. ನಾವು ಪ್ರೀತಿಸುವುದು ಆತನು ಮೊದಲು ನಮ್ಮನ್ನು ಪ್ರೀತಿಸಿದ್ದರಿಂದ ಎಂಬ ಯೋಹಾನನ ಮಾತಿನ ಕ್ರಮವೇ ಇಲ್ಲಿ ತಿರುಗಿಬಿಟ್ಟಿದೆ. ಸ್ವಾಮಿ ಕ್ಷಮಿಸಲು ಹೇಳಿದ್ದು ನಿಜ, ಅದನ್ನು ನಾನು ಮರೆಮಾಡುತ್ತಿಲ್ಲ. ಅದು ಪ್ರೀತಿಯ ಆಸರೆಯಲ್ಲಿ ನಿಧಾನಕ್ಕೆ ಹಣ್ಣಾಗುವಂಥದ್ದು, ಒಳಗೆ ಬರಲು ಕೊಡಬೇಕಾದ ಸುಂಕವಲ್ಲ. ಏನೂ ಆಗಲೇ ಇಲ್ಲವೆಂದು ನಟಿಸುವುದಂತೂ ಕ್ಷಮೆಯೇ ಅಲ್ಲ.

16ನೇ ಶತಮಾನದ ಜರ್ಮನ್ ಸಭಾ ಸುಧಾರಕ ಮಾರ್ಟಿನ್ ಲೂಥರ್ ನೆನಪಾಗುತ್ತಾರೆ. ಚಿಕ್ಕಂದಿನಲ್ಲಿ ಅಪ್ಪ ಹನ್ಸ್ ಹೊಡೆದ ಏಟಿಗೆ ಓಡಿಹೋದದ್ದನ್ನು, ಮತ್ತೆ ತಮ್ಮನ್ನು ಹತ್ತಿರ ಮಾಡಿಕೊಳ್ಳಲು ಅಪ್ಪನೇ ಪಾಡುಪಡಬೇಕಾದದ್ದನ್ನು ಅವರು ಮುಂದೆ ಊಟದ ಮೇಜಿನಲ್ಲಿ ಹೇಳಿಕೊಂಡಿದ್ದರು. 1507ರಲ್ಲಿ ಯಾಜಕರಾಗಿ ಮೊದಲ ಪೂಜೆ ಅರ್ಪಿಸುವಾಗ ದೇವರೆದುರು ಮಾತಾಡಲು ನಾನೆಷ್ಟರವನು ಎಂಬ ಭಯ ಅವರನ್ನು ನಡುಗಿಸಿತ್ತು. 1530ರಲ್ಲಿ ಹನ್ಸ್ ತೀರಿಕೊಂಡ ಸುದ್ದಿ ತಲುಪಿದಾಗ ಕೀರ್ತನೆಗಳ ಪುಸ್ತಕ ತೆಗೆದುಕೊಂಡು ಕೋಣೆಗೆ ಹೋಗಿ ಅತ್ತರು. ಭಯ, ನೋವು, ಅಕ್ಕರೆ ಮೂರೂ ಒಂದೇ ಎದೆಯಲ್ಲಿ ಇರಬಲ್ಲವು. ನಿಮ್ಮಲ್ಲೂ ಹಾಗೇ ಇದ್ದರೆ ನಿಮಗೇನೋ ಕೊರತೆ ಎಂದುಕೊಳ್ಳಬೇಡಿ.

ಅಪ್ಪ ಫೋನ್ ಮಾಡಿದಾಗ ಮಾತಾಡಬೇಕೆನಿಸಿದರೆ ಮಾತಾಡಿ, ಬೇಡವೆನಿಸಿದ ದಿನ ಬೇಡ. ಒಂದು ದಿನ ‘ಆ ಬೆಲ್ಟಿನ ಬಗ್ಗೆ ನಾವು ಮಾತಾಡಿಯೇ ಇಲ್ಲ’ ಎಂದು ನೀವು ಹೇಳಬಹುದು. ಹೇಳಲೇಬೇಕೆಂದಿಲ್ಲ. ಮೊದಲ ಹೆಜ್ಜೆ ಅವರದ್ದಾಗಬೇಕಿತ್ತು. ಮಗಳನ್ನು ಅವರೊಬ್ಬರ ಜೊತೆ ಬಿಡಲು ಮನಸ್ಸು ಹಿಂಜರಿದರೆ ಆ ಹಿಂಜರಿಕೆಗೆ ಬೆಲೆ ಕೊಡಿ. ಬೆಲ್ಟಿನ ಸದ್ದು ಇಂದಿಗೂ ಕೇಳಿದಂತಾಗುವುದು ಆಳದ ಗಾಯದ ಲಕ್ಷಣ. ಬಾಲ್ಯದ ಹಿಂಸೆಯ ಬಗ್ಗೆ ತಿಳಿದ ಆಪ್ತಸಮಾಲೋಚಕರನ್ನು ಕಾಣಿ. ಪ್ರಾರ್ಥನೆಯೂ ಇರಲಿ, ಅದೂ ಇರಲಿ.

ಇನ್ನು ಮಗಳ ಪ್ರಶ್ನೆ. ಅವಳಿಗೆ ನಿಜವನ್ನೇ ಹೇಳಿ, 7 ವರ್ಷದವಳಿಗೆ ಹಿಡಿಸುವಷ್ಟು. ‘ಆ ಪದ ಹೇಳುವಾಗ ಅಮ್ಮನಿಗೆ ಒಂದು ನೋವು ನೆನಪಾಗುತ್ತೆ ಪುಟ್ಟಿ. ಅದಕ್ಕೇ ಇನ್ನೂ ಹೇಳೋಕಾಗ್ತಿಲ್ಲ. ನೀನು ಜೋರಾಗಿ ಹೇಳು, ನಾನು ಕೇಳಿಸ್ಕೊಂಡು ನಿಂತಿರ್ತೀನಿ’ ಅನ್ನಿ. ಆ ಪ್ರಾರ್ಥನೆಯನ್ನು ಸ್ವಾಮಿ ‘ನನ್ನ ತಂದೆಯೇ’ ಎಂದು ಕಲಿಸಿಲ್ಲ, ‘ನಮ್ಮ’ ಎಂದು ಕಲಿಸಿದ್ದಾನೆ. ಬರುವ ಭಾನುವಾರ ಅವಳು ಅದನ್ನು ಹೇಳುವಾಗ ಆ ‘ನಮ್ಮ’ದೊಳಗೆ ನೀವೂ ಇರುತ್ತೀರಿ.